ಎರಡೂ ಎಂಜಿನ್ ನಿಂತ ವಿಮಾನ ಎಷ್ಟು ದೂರ ಹೋದೀತು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

1983ರಲ್ಲಿ ನಡುಆಕಾಶದಲ್ಲಿ ಇಂಧನ ಮುಗಿದ ಕೆನಡಾದ ವಿಮಾನವೊಂದು ಕಾರು ರೇಸಿಗೆ ಬಳಸುತ್ತಿದ್ದ ಹಳೆಯ ರನ್‌ವೇ ಮೇಲೆ ಇಳಿದ ಸಂಗತಿಯನ್ನು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲಿನಲ್ಲಿ ಬರೆದಿದ್ದೆವು. ಅದಕ್ಕೆ ಹೆಚ್ಚಿನ ಪತ್ರಗಳು ಬಂದದ್ದು ಕೊಡಗಿನಿಂದ. ವಿಮಾನ ನಿಲ್ದಾಣವಿಲ್ಲದ ಜಿಲ್ಲೆ. ಆದರೂ ಕಣ್ಣೂರು, ಮಂಗಳೂರು, ಬೆಂಗಳೂರು ಅಂತ ದಿಕ್ಕಿಗೊಂದು ನಿಲ್ದಾಣ ಹಿಡಿದು ಓಡಾಡುವ ಜನ. ಪ್ರಶ್ನೆಗಳು ಮೊನಚಾಗಿಯೇ ಇವೆ. ಪ್ರಯಾಣಿಕ ವಿಮಾನಗಳ ಹಾರಾಟ ಮತ್ತು ದುರಸ್ತಿ ಬಲ್ಲವರು ಇಲ್ಲಿ ಉತ್ತರಿಸಿದ್ದಾರೆ.

ಪ್ರ: ಎಂಜಿನ್ ನಿಂತ ಕೂಡಲೇ ಅಷ್ಟು ಭಾರದ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲವೇ? (ಸೋಮವಾರಪೇಟೆ)

ಉ: ಬೀಳುವುದಿಲ್ಲ. ವಿಮಾನವನ್ನು ಎತ್ತಿ ಹಿಡಿಯುವುದು ಎಂಜಿನ್ ಅಲ್ಲ, ರೆಕ್ಕೆ. ರೆಕ್ಕೆಗೆ ಬೇಕಾದದ್ದು ವೇಗ. ಆ ವೇಗವನ್ನು ಎಂಜಿನ್ ಕೊಡದೇ ಹೋದಾಗ, ಮೂಗು ತುಸು ತಗ್ಗಿಸಿ ಎತ್ತರವನ್ನು ಖರ್ಚು ಮಾಡಿ ವೇಗ ಉಳಿಸಿಕೊಳ್ಳಬೇಕು, ಅಷ್ಟೆ. ನೀವು ಬೆಂಗಳೂರಿಗೋ ಕಣ್ಣೂರಿಗೋ ಹಾರಿದ್ದರೆ ಇದನ್ನು ಅರಿಯದೆಯೇ ಅನುಭವಿಸಿದ್ದೀರಿ. ಇಳಿಯಲು ಶುರುವಾದಾಗ ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಕುಗ್ಗುತ್ತದಲ್ಲ, ಆಗ ಪೈಲಟ್ ಎಂಜಿನನ್ನು ಐಡಲ್‌ಗೆ ತಂದಿರುತ್ತಾರೆ, ಅಂದರೆ ಎಂಜಿನ್ ಆರದಷ್ಟೇ ನಿಧಾನಕ್ಕೆ ಇಳಿಸಿರುತ್ತಾರೆ. ಅಲ್ಲಿಂದ ಹತ್ತಾರು ಮೈಲು ವಿಮಾನ ಹೆಚ್ಚುಕಡಿಮೆ ಜಾರುತ್ತಲೇ ಬರುತ್ತದೆ.

ಲೆಕ್ಕ ಬೇಕೆಂದರೆ: ಏರ್‌ಬಸ್ ಎ320ರಂಥ ವಿಮಾನ ಸರಿಯಾದ ವೇಗದಲ್ಲಿ ಜಾರಿದರೆ ಸಾವಿರ ಅಡಿ ಎತ್ತರ ಕಳೆದುಕೊಳ್ಳುವಷ್ಟರಲ್ಲಿ ಸುಮಾರು ಎರಡೂವರೆ ನಾಟಿಕಲ್ ಮೈಲು, ಅಂದರೆ ನಾಲ್ಕೂವರೆ ಕಿ.ಮೀ. ಮುಂದೆ ಹೋಗಿರುತ್ತದೆ. 35,000 ಅಡಿಯಿಂದ ಜಾರಲು ಶುರು ಮಾಡಿದರೆ ಇಪ್ಪತ್ತು ನಿಮಿಷದ ಆಸುಪಾಸು ಸಮಯ, ನೂರೈವತ್ತು ಕಿ.ಮೀ.ಗೂ ಮೀರಿದ ದೂರ ಕೈಯಲ್ಲಿರುತ್ತದೆ.

ಇನ್ನೊಂದು ಮಾತು, ಕೇಳಿದವರು ಸಾಮಾನ್ಯವಾಗಿ ನಂಬುವುದಿಲ್ಲ: ಭಾರ ಹೆಚ್ಚಿದ್ದರೆ ಜಾರುವ ದೂರ ಕಡಿಮೆಯಾಗುವುದಿಲ್ಲ. ಭಾರದ ವಿಮಾನ ಅದೇ ದೂರವನ್ನು ಹೆಚ್ಚು ವೇಗದಲ್ಲಿ ಮುಗಿಸುತ್ತದೆ. ಕಡಿಮೆಯಾಗುವುದು ಸಮಯ.

ಪ್ರ: ಮಡಿಕೇರಿಯ ಮೇಲೆ 35,000 ಅಡಿಯಲ್ಲಿ ಹಾರುತ್ತಿರುವಾಗ ಎರಡೂ ಎಂಜಿನ್ ನಿಂತಿತೆಂದುಕೊಳ್ಳಿ. ಎಲ್ಲಿ ಇಳಿಸಬಹುದು? (ಮಡಿಕೇರಿ)

ಉ: ಮ್ಯಾಪು ಬಿಡಿಸಿ ನೇರ ಗೆರೆ ಎಳೆಯಿರಿ, ರಸ್ತೆಯ ಲೆಕ್ಕ ಬಿಡಿ. ಮಡಿಕೇರಿಯಿಂದ ಮಟ್ಟನ್ನೂರಿನ ಕಣ್ಣೂರು ನಿಲ್ದಾಣ ಸುಮಾರು 60 ಕಿ.ಮೀ., ಮೈಸೂರಿನ ಮಂಡಕಳ್ಳಿ ಸುಮಾರು 100, ಮಂಗಳೂರಿನ ಬಜ್ಪೆ ಸುಮಾರು 110, ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಸುಮಾರು 230 ಕಿ.ಮೀ.

ಬೆಂಗಳೂರು ಮೊದಲೇ ಹೊರಬಿತ್ತು. ಅಲ್ಲಿಗೆ ಜಾರಿಕೊಂಡು ಹೋಗಲು 50,000 ಅಡಿ ಎತ್ತರ ಬೇಕು. ಯಾವ ಪ್ರಯಾಣಿಕ ವಿಮಾನವೂ ಅಲ್ಲಿ ಹಾರುವುದಿಲ್ಲ. ಮೈಸೂರು ಕಾಗದದ ಮೇಲೆ ಸಿಗುತ್ತದೆ. ಆದರೆ ಅಲ್ಲಿನ ರನ್‌ವೇ 1,740 ಮೀಟರ್, ನಿಲ್ದಾಣವೇ ಸಮುದ್ರಮಟ್ಟದಿಂದ 2,300 ಅಡಿಗೂ ಮೇಲಿದೆ. ಎಂಜಿನ್ ಇಲ್ಲದ ಜೆಟ್ ಮಾಮೂಲಿಗಿಂತ ಜೋರಾಗಿ ನೆಲ ಮುಟ್ಟುತ್ತದೆ, ಎಂಜಿನ್ ಬಲವನ್ನು ಮುಂದಕ್ಕೆ ತಿರುಗಿಸಿ ವೇಗ ತಡೆಯುವ ರಿವರ್ಸ್ ಥ್ರಸ್ಟ್ ಇರುವುದಿಲ್ಲ, ಬ್ರೇಕ್ ಅರೆಬರೆ. ಆ ಉದ್ದ ಸಾಲದು. ಮಂಗಳೂರಿಗೆ ಸುಮಾರು 24,000 ಅಡಿ ಖರ್ಚಾಗುತ್ತದೆ, ಕೈಯಲ್ಲಿ 35,000 ಇದೆ, ಆದ್ದರಿಂದ ಸಾಧ್ಯ. ಆದರೆ ಅಲ್ಲಿನದು 2,450 ಮೀಟರಿನ ಟೇಬಲ್‌ಟಾಪ್ ರನ್‌ವೇ, ಎರಡೂ ತುದಿಯಲ್ಲಿ ಕಮರಿ. ಮುಂಚೆ ಇಳಿದರೂ ತಪ್ಪು, ತಡವಾಗಿ ಇಳಿದರೂ ತಪ್ಪು.

ಉಳಿದದ್ದು ಕಣ್ಣೂರು. ರನ್‌ವೇ 3,050 ಮೀಟರ್, ಹೋಗಲು ಬೇಕಾದದ್ದು ಸುಮಾರು 13,000 ಅಡಿ. ಈಗ ಸಮಸ್ಯೆ ತಿರುಗುಮುರುಗು: ಎತ್ತರ ಹೆಚ್ಚಾಯಿತು. ಹೆಚ್ಚಾದ ಎತ್ತರವನ್ನು ನಿಲ್ದಾಣದ ಹತ್ತಿರಕ್ಕೆ ಹೋಗಿ, ರನ್‌ವೇ ಕಣ್ಣಿಗೆ ಬೀಳುವ ಜಾಗದಲ್ಲಿ ಸುತ್ತು ಹೊಡೆದು ಕಳೆಯಬೇಕು, ಮಡಿಕೇರಿಯ ಮೇಲೆ ಅಲ್ಲ. ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಹಾರಿಸುವವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ಎತ್ತರ ಬ್ಯಾಂಕಿನಲ್ಲಿಟ್ಟ ಹಣವಿದ್ದಂತೆ, ಬೇಕೆಂದಾಗ ಕರಗಿಸಬಹುದು. ಒಮ್ಮೆ ಕರಗಿಸಿದ ಮೇಲೆ ಎಂಜಿನ್ ಇಲ್ಲದೆ ಮರಳಿ ಬಾರದು.

ಗಾಳಿಯನ್ನೂ ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಳಮಟ್ಟದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಕರಾವಳಿ ಕಡೆಗೆ ಹೋಗುವ ವಿಮಾನಕ್ಕೆ ಎದುರುಗಾಳಿ. 210 ನಾಟ್ (ಗಂಟೆಗೆ 210 ನಾಟಿಕಲ್ ಮೈಲು) ವೇಗದಲ್ಲಿ ಜಾರುವಾಗ 30 ನಾಟ್ ಎದುರುಗಾಳಿ ಇದ್ದರೆ ದೂರದಲ್ಲಿ ಏಳರಲ್ಲೊಂದು ಪಾಲು ಹೋಯಿತು. ಕಣ್ಣೂರಿಗೆ ಅದರಿಂದ ತೊಂದರೆಯಿಲ್ಲ, ಮಂಗಳೂರಿನ ಲೆಕ್ಕ ಬಿಗಿಯಾಗುತ್ತದೆ.

ಪ್ರ: ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆಫ್ ಮಾಡಿದರೆ ಬ್ರೇಕ್ ಕಲ್ಲಾಗುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. ವಿಮಾನದಲ್ಲೂ ಹಾಗೆಯೇ? (ವಿರಾಜಪೇಟೆ)

ಉ: ಮೊದಲು ಆ ಅಭ್ಯಾಸ ಬಿಡಿ. ಸಂಪಾಜೆ ಇಳಿಜಾರಿನಲ್ಲಾಗಲಿ, ಮಾಕುಟ್ಟದಲ್ಲಾಗಲಿ.

ಹೋಲಿಕೆ ಮಾತ್ರ ಸರಿಯಾಗಿದೆ. ದೊಡ್ಡ ವಿಮಾನದ ಚುಕ್ಕಾಣಿ, ರೆಕ್ಕೆಯ ಅಂಚಿನ ಹಲಗೆಗಳು, ಬ್ರೇಕು ಎಲ್ಲ ನಡೆಯುವುದು ಹೈಡ್ರಾಲಿಕ್ ಒತ್ತಡದಲ್ಲಿ. ಒತ್ತಡ ಕೊಡುವ ಪಂಪು ಎಂಜಿನ್ನಿಗೆ ಜೋಡಿಸಿರುತ್ತದೆ, ಜನರೇಟರ್ ಕೂಡ ಅಲ್ಲೇ. ಎರಡೂ ಎಂಜಿನ್ ನಿಂತರೆ ವಿದ್ಯುತ್ ಮತ್ತು ಒತ್ತಡ ಒಟ್ಟಿಗೇ ಹೋಗುತ್ತವೆ. ಆಗ ಉಳಿಯುವುದು ಮೂರು.

ಬ್ಯಾಟರಿ. ಇದು ಕೆಲವೇ ಉಪಕರಣಗಳನ್ನು ಸ್ವಲ್ಪ ಹೊತ್ತು ಎಚ್ಚರವಾಗಿಡುತ್ತದೆ. ಬಾಲದಲ್ಲಿರುವ ಪುಟ್ಟ ಎಂಜಿನ್, ಎಪಿಯು. ವಿದ್ಯುತ್ತೂ ಕೊಡುತ್ತದೆ, ಎಂಜಿನ್ ಮತ್ತೆ ಹೊತ್ತಿಸಲು ಬೇಕಾದ ಗಾಳಿಯನ್ನೂ ಕೊಡುತ್ತದೆ. ಆದರೆ ಅದು ಕುಡಿಯುವುದು ಅದೇ ಟ್ಯಾಂಕಿನ ಇಂಧನ. ಟ್ಯಾಂಕ್ ಬರಿದಾಗಿ ಎಂಜಿನ್ ನಿಂತಿದ್ದರೆ ಎಪಿಯು ಇದ್ದೂ ಇಲ್ಲ.

ಮೂರನೆಯದು ರ‍್ಯಾಟ್, ಬಿಡಿಸಿ ಹೇಳಿದರೆ ರಾಮ್ ಏರ್ ಟರ್ಬೈನ್. ವಿಮಾನದ ಹೊಟ್ಟೆಯ ಬಳಿಯೋ ರೆಕ್ಕೆಯ ಬುಡದಲ್ಲೋ ಮಡಚಿಟ್ಟ ಸಣ್ಣ ಗಾಳಿಯಂತ್ರ. ವಿದ್ಯುತ್ ಹೋದೊಡನೆ ಬಾಗಿಲು ತೆರೆದುಕೊಂಡು ತಾನಾಗಿ ಹೊರಬೀಳುತ್ತದೆ. ಎದುರು ನುಗ್ಗುವ ಗಾಳಿಗೆ ಅದರ ಎಲೆಗಳು ಗಿರ್ರನೆ ತಿರುಗಿ ಹೈಡ್ರಾಲಿಕ್ ಒತ್ತಡ ಹುಟ್ಟಿಸುತ್ತವೆ. ಎ320ರಲ್ಲಿ ಆ ಒತ್ತಡದಿಂದಲೇ ಒಂದು ತುರ್ತು ಜನರೇಟರ್ ಕೂಡ ಓಡುತ್ತದೆ. ಇಂಧನ ಬೇಡ, ಬ್ಯಾಟರಿ ಬೇಡ, ವೇಗ ಇದ್ದರೆ ಸಾಕು. ಅದರ ಕೊರತೆಯೂ ಅಲ್ಲೇ ಇದೆ. ಇಳಿಯಲೆಂದು ವೇಗ ಕಡಿಮೆ ಮಾಡಿದಷ್ಟೂ ಅದರ ಶಕ್ತಿ ಕುಗ್ಗುತ್ತದೆ, ಚುಕ್ಕಾಣಿ ಭಾರವಾಗುವುದು ಅತಿ ಬೇಕಾದ ಕೊನೆಯ ಗಳಿಗೆಯಲ್ಲಿ. ಚಕ್ರಗಳನ್ನು ಮಾತ್ರ ಒತ್ತಡವಿಲ್ಲದೆಯೂ ಬಿಡಿಸಬಹುದು: ಕೊಂಡಿ ತೆಗೆದರೆ ತಮ್ಮ ಭಾರಕ್ಕೇ ಕೆಳಗಿಳಿಯುತ್ತವೆ.

ಪ್ರ: ಕೆನಡಾದ ವಿಮಾನದಲ್ಲಿ ಇಂಧನ ಅರ್ಧದಾರಿಗೇ ಮುಗಿದದ್ದು ಹೇಗೆ? ಅಷ್ಟು ದೊಡ್ಡ ಕಂಪನಿಯಲ್ಲಿ ಟ್ಯಾಂಕ್ ನೋಡುವವರು ಇರಲಿಲ್ಲವೇ? (ಗೋಣಿಕೊಪ್ಪಲು)

ಉ: ನೋಡಿದರು, ಅಳೆದರು, ಲೆಕ್ಕವನ್ನೂ ಬರೆದರು. ಗುಣಿಸಿದ ಸಂಖ್ಯೆ ತಪ್ಪಾಗಿತ್ತು.

1983ರ ಜುಲೈ 23. ಏರ್ ಕೆನಡಾ 143, ಹೊಸ ಬೋಯಿಂಗ್ 767, ಮಾಂಟ್ರಿಯಲ್‌ನಿಂದ ಒಟ್ಟಾವಾ ಮೂಲಕ ಎಡ್ಮಂಟನ್‌ಗೆ. ಇಂಧನದ ಮಟ್ಟ ತೋರಿಸುವ ಉಪಕರಣದಲ್ಲಿ ಎರಡು ಚಾನೆಲ್. ಒಂದರಲ್ಲಿ ಬೆಸುಗೆ ಸರಿಯಿರಲಿಲ್ಲ. ಅದರ ಬ್ರೇಕರ್, ಅಂದರೆ ವಿದ್ಯುತ್ ಕಡಿಯುವ ಗುಂಡಿ, ಎಳೆದಿಟ್ಟರೆ ಇನ್ನೊಂದು ಚಾನೆಲ್ ಸರಿಯಾಗಿ ತೋರಿಸುತ್ತಿತ್ತು. ಮಾಂಟ್ರಿಯಲ್‌ನಲ್ಲಿ ತಂತ್ರಜ್ಞರೊಬ್ಬರು ಪರೀಕ್ಷಿಸಲೆಂದು ಆ ಬ್ರೇಕರ್ ಒತ್ತಿದರು, ಅಷ್ಟರಲ್ಲಿ ಗಮನ ಬೇರೆಡೆ ಹೋಯಿತು, ಮತ್ತೆ ಎಳೆಯಲಿಲ್ಲ. ಕಾಕ್‌ಪಿಟ್‌ನ ಇಂಧನದ ಅಂಕಿಗಳೆಲ್ಲ ಖಾಲಿ. ಸರಿ, ಕಡ್ಡಿಯಿಂದ ಅಳೆಯೋಣ ಎಂದಾಯಿತು.

ಕಡ್ಡಿಯ ಅಳತೆಯಿಂದ ಸಿಗುವುದು ಲೀಟರ್. ಹಾರಾಟಕ್ಕೆ ಲೆಕ್ಕ ಬೇಕಾದದ್ದು ಕಿಲೋದಲ್ಲಿ. ಕೊಡಗಿನವರಿಗೆ ಇದನ್ನು ಜೇನಿನಲ್ಲಿ ಹೇಳಿದರೆ ಬೇಗ ಗೊತ್ತಾಗುತ್ತದೆ: ಒಂದು ಲೀಟರ್ ಜೇನು ಸುಮಾರು 1.4 ಕಿಲೋ ತೂಗುತ್ತದೆ, ಒಂದು ಲೀಟರ್ ವಿಮಾನದ ಇಂಧನ ಸುಮಾರು 0.8 ಕಿಲೋ. ಬಾಟಲಿ ಅದೇ, ತಕ್ಕಡಿ ಹೇಳುವುದು ಬೇರೆ.

ಹಾರಾಟಕ್ಕೆ ಬೇಕಿದ್ದದ್ದು 22,300 ಕಿಲೋ. ಟ್ಯಾಂಕಿನಲ್ಲಿ ಇದ್ದದ್ದು 7,682 ಲೀಟರ್. ಅದನ್ನು 0.803ರಿಂದ ಗುಣಿಸಬೇಕಿತ್ತು, 6,169 ಕಿಲೋ ಬರುತ್ತಿತ್ತು. ಉಳಿದ 16,131 ಕಿಲೋಗೆ 20,088 ಲೀಟರ್ ತುಂಬಿಸಬೇಕಿತ್ತು. ಆದರೆ ಅವರು ಗುಣಿಸಿದ್ದು 1.77ರಿಂದ. ಅದು ಒಂದು ಲೀಟರ್ ಇಂಧನ ಎಷ್ಟು ಪೌಂಡ್ ಎನ್ನುವ ಸಂಖ್ಯೆ. ಕಂಪನಿಯ ಉಳಿದ ವಿಮಾನಗಳೆಲ್ಲ ಪೌಂಡಿನವು, 767 ಮಾತ್ರ ಹೊಸದಾಗಿ ಕಿಲೋಗೆ ಬಂದಿತ್ತು. 7,682 ಗುಣಿಸು 1.77 ಅಂದರೆ 13,597. ಇದನ್ನು ಕಿಲೋ ಎಂದೇ ಬರೆದುಕೊಂಡರು. ಇನ್ನು 8,703 ಸಾಕು ಎಂದುಕೊಂಡು ಮತ್ತೆ 1.77ರಿಂದ ಭಾಗಿಸಿ 4,917 ಲೀಟರ್ ಹಾಕಿಸಿದರು. ಹೊರಡುವಾಗ ಟ್ಯಾಂಕಿನಲ್ಲಿ ನಿಜವಾಗಿ ಇದ್ದದ್ದು ಸುಮಾರು 10,100 ಕಿಲೋ, ಬೇಕಾದದ್ದರ ಅರ್ಧಕ್ಕಿಂತ ಕಡಿಮೆ. ಒಟ್ಟಾವಾದಲ್ಲಿ ಮತ್ತೆ ಕಡ್ಡಿ ಇಳಿಸಿ ನೋಡಿದರು, ಮತ್ತೆ ಅದೇ 1.77. ಲೆಕ್ಕ ತಾಳೆಯಾಯಿತು! ಒಂದೇ ತಪ್ಪನ್ನು ಎರಡು ಸಲ ಮಾಡಿದರೆ ತಾಳೆ ಆಗದೆ ಇನ್ನೇನು.

41,000 ಅಡಿಯಲ್ಲಿ ಮೊದಲು ಇಂಧನದ ಒತ್ತಡ ಕಡಿಮೆ ಎಂಬ ಎಚ್ಚರಿಕೆ ಗಂಟೆ, ಆಮೇಲೆ ಒಂದು ಎಂಜಿನ್, ಸ್ವಲ್ಪ ಹೊತ್ತಿಗೆ ಇನ್ನೊಂದು. ಪರದೆಗಳು ಕಪ್ಪಾದವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಬಿಡುವಿನಲ್ಲಿ ಗ್ಲೈಡರ್ ಹಾರಿಸುತ್ತಿದ್ದವರು. ಎಂಜಿನ್ ಇಲ್ಲದೆ 767 ಹಾರಿಸುವ ವೇಗ ಯಾವ ಪುಸ್ತಕದಲ್ಲೂ ಇರಲಿಲ್ಲ, 220 ನಾಟ್ ಎಂದು ಅಂದಾಜಿನ ಮೇಲೆ ಹಿಡಿದರು. ಸಹಪೈಲಟ್ ಮಾರಿಸ್ ಕ್ವಿಂಟಲ್ ರೇಡಾರ್‌ನವರಿಂದ ದೂರ ಕೇಳುತ್ತಾ, ಉಳಿದಿದ್ದ ಎತ್ತರಮಾಪಕ ನೋಡುತ್ತಾ ಕಾಗದದ ಮೇಲೆ ಲೆಕ್ಕ ಹಾಕಿದರು: 10 ನಾಟಿಕಲ್ ಮೈಲಿಗೆ 5,000 ಅಡಿ ಹೋಗಿದೆ. ವಿನಿಪೆಗ್ ಸಿಗುವುದಿಲ್ಲ. ಹತ್ತಿರದ ಗಿಮ್ಲಿಯಲ್ಲಿ ತಾವು ಹಿಂದೆ ಕೆಲಸ ಮಾಡಿದ್ದ ವಾಯುಪಡೆಯ ನೆಲೆ ಇದೆ ಎಂಬುದು ಅವರಿಗೆ ನೆನಪಿತ್ತು. ಆ ನೆಲೆ ಮುಚ್ಚಿ, ಒಂದು ರನ್‌ವೇ ರೇಸಿನ ಪಟ್ಟಿಯಾಗಿದೆ ಎಂಬುದು ಗೊತ್ತಿರಲಿಲ್ಲ.

ಗಿಮ್ಲಿ ಹತ್ತಿರವಾದಾಗ ಎತ್ತರ ಹೆಚ್ಚಿತ್ತು. ಮೂಗು ತಗ್ಗಿಸಿದರೆ ವೇಗ ಏರಿ ರನ್‌ವೇ ದಾಟಿಹೋಗುತ್ತಿತ್ತು, ಸುತ್ತು ಹೊಡೆದರೆ ನೆಲ ಮೊದಲೇ ಸಿಗುತ್ತಿತ್ತು. ಪಿಯರ್ಸನ್ ಚುಕ್ಕಾಣಿಯನ್ನು ಒಂದು ಕಡೆಗೂ ರೆಕ್ಕೆಯನ್ನು ಇನ್ನೊಂದು ಕಡೆಗೂ ಕೊಟ್ಟು ವಿಮಾನವನ್ನು ಓರೆಯಾಗಿ, ಏಡಿ ನಡೆದ ಹಾಗೆ ಜಾರಿಸಿದರು. ಮೈಯ ಅಗಲವೆಲ್ಲ ಗಾಳಿಗೆ ಒಡ್ಡಿಕೊಂಡಾಗ ವೇಗ ಏರದೆಯೇ ಎತ್ತರ ಇಳಿಯುತ್ತದೆ. ಸಣ್ಣ ವಿಮಾನಗಳಲ್ಲಿ ಮಾಮೂಲು ವಿದ್ಯೆ, ಜೆಟ್‌ನಲ್ಲಿ ಯಾರೂ ಮಾಡದ್ದು. ನೆಲ ಮುಟ್ಟುವ ಹೊತ್ತಿಗೆ ಮುಂಚಕ್ರ ಕೊಂಡಿಗೆ ಕೂತಿರಲಿಲ್ಲ. ಮಡಚಿಕೊಂಡು ಮೂಗು ಉಜ್ಜಿತು. ಆ ಉಜ್ಜಾಟವೇ ಬ್ರೇಕಿನಂತಾಗಿ, ಪಟ್ಟಿಯ ಇನ್ನೊಂದು ತುದಿಯಲ್ಲಿದ್ದ ಜನರ ತನಕ ಹೋಗದೆ ವಿಮಾನ ನಿಂತಿತು. 69 ಮಂದಿಯೂ ಉಳಿದರು. ಆದ ಸಣ್ಣಪುಟ್ಟ ಗಾಯಗಳೂ ಹೆಚ್ಚಾಗಿ ಹಿಂಬಾಗಿಲಿನಿಂದ ಇಳಿಯುವ ತುರ್ತು ಜಾರುಪಟ್ಟಿಯಿಂದ: ಮೂಗು ಕೆಳಗೆ, ಬಾಲ ಮೇಲೆ, ಪಟ್ಟಿ ಹೆಚ್ಚುಕಡಿಮೆ ನೆಟ್ಟಗೆ ನಿಂತಿತ್ತು.

ಪ್ರ: ನಿಂತ ಎಂಜಿನನ್ನು ಆಕಾಶದಲ್ಲೇ ಮತ್ತೆ ಹೊತ್ತಿಸಲಾಗದೇ? (ಪೊನ್ನಂಪೇಟೆ)

ಉ: ಇಂಧನ ಇದ್ದರೆ, ಎಂಜಿನ್ ಒಳಗೆ ಮುರಿದಿಲ್ಲದಿದ್ದರೆ, ಆಗುತ್ತದೆ. ನಿಂತ ಎಂಜಿನ್ನಿನ ಫ್ಯಾನು ಎದುರುಗಾಳಿಗೆ ತಿರುಗುತ್ತಲೇ ಇರುತ್ತದೆ. ಸಾಕಷ್ಟು ಜೋರಾಗಿ ತಿರುಗಿದರೆ ಇಂಧನ ಬಿಟ್ಟು ಕಿಡಿ ಕೊಟ್ಟರೆ ಹೊತ್ತಿಕೊಳ್ಳುತ್ತದೆ. ಆದರೆ ಹಾಗೆ ತಿರುಗಲು ಎ320ಕ್ಕೆ 280 ನಾಟ್‌ನಷ್ಟು ವೇಗ ಬೇಕು, ಅತಿ ದೂರ ಜಾರಲು ಬೇಕಾದದ್ದು ಅದಕ್ಕಿಂತ ಬಹಳ ಕಡಿಮೆ ವೇಗ. ದೂರ ಬೇಕೋ, ಎಂಜಿನ್ ಬೇಕೋ ಎಂದು ಪೈಲಟ್ ಅಲ್ಲೇ ತೀರ್ಮಾನಿಸಬೇಕು. ಸುಮಾರು 20,000 ಅಡಿಗಿಂತ ಕೆಳಗೆ ಬಂದ ಮೇಲೆ ಎಪಿಯು ಗಾಳಿಯಿಂದ ಹೊತ್ತಿಸುವ ದಾರಿ ತೆರೆಯುತ್ತದೆ. ಆಗ ವೇಗ ಕಡಿಮೆಯಿದ್ದರೂ ನಡೆಯುತ್ತದೆ.

1982ರ ಜೂನ್ 24ರಂದು ಬ್ರಿಟಿಷ್ ಏರ್‌ವೇಸ್‌ನ 747 ಜಾವಾ ದ್ವೀಪದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಿತು. ನಾಲ್ಕೂ ಎಂಜಿನ್ ಒಂದರ ಹಿಂದೊಂದು ನಿಂತವು. ಬೂದಿಯೆಂದರೆ ಒಲೆಯ ಬೂದಿಯಲ್ಲ, ಪುಡಿಯಾದ ಕಲ್ಲು ಮತ್ತು ಗಾಜು. ಎಂಜಿನ್ನಿನ ಬೆಂಕಿಯಲ್ಲಿ ಕರಗಿ ಟರ್ಬೈನಿಗೆ ಪಾಕದಂತೆ ಅಂಟುತ್ತದೆ. ಎಂಜಿನ್ ನಿಂತು ತಣ್ಣಗಾದಾಗ ಆ ಪಾಕ ಗಟ್ಟಿಯಾಗಿ ಚೂರುಚೂರು ಉದುರಿತು. ಬೂದಿಯ ಮೋಡದಿಂದ ಕೆಳಗೆ ಬಂದ ಮೇಲೆ ಎಂಜಿನ್‌ಗಳು ಹೊತ್ತಿಕೊಂಡವು. ಜಕಾರ್ತಾದಲ್ಲಿ ಇಳಿಯುವಾಗ ಮುಂದಿನ ಗಾಜು ಬೂದಿಗೆ ಉಜ್ಜಿ ಉಜ್ಜಿ ಮಬ್ಬಾಗಿತ್ತು, ಅಂಚಿನ ಸಣ್ಣ ಪಟ್ಟಿಯಷ್ಟೇ ತಿಳಿಯಾಗಿತ್ತು. ಬೂದಿ ಮೊದಲೇ ಏಕೆ ಕಾಣಲಿಲ್ಲವೆಂದರೆ, ಹವಾಮಾನದ ರೇಡಾರ್ ಹಿಡಿಯುವುದು ನೀರಿನ ಹನಿಯನ್ನು. ಒಣ ಬೂದಿ ಅದಕ್ಕೆ ಕಾಣಿಸದು.

ಪ್ರ: ನಮ್ಮಲ್ಲಿ ಹೂಮಳೆ ಹೊತ್ತಿಗೆ ಆಲಿಕಲ್ಲೂ ಬೀಳುತ್ತದೆ, ಆಷಾಢದಲ್ಲಿ ಮಳೆ ಹಿಡಿದರೆ ಬಿಡುವುದೇ ಇಲ್ಲ. ನೀರು ಕುಡಿದು ಎಂಜಿನ್ ಆರುವುದಿಲ್ಲವೇ? (ನಾಪೋಕ್ಲು)

ಉ: ಆಷಾಢದ ಮಳೆಗೆ ಆರುವುದಿಲ್ಲ. ಫ್ಯಾನು ತಿರುಗುವ ರಭಸಕ್ಕೆ ನೀರು ಅಂಚಿಗೆ ಎರಚಿ, ಬೆಂಕಿಯಿರುವ ಒಳಭಾಗವನ್ನು ಬಿಟ್ಟು ಹೊರಸುತ್ತಿನಿಂದಲೇ ಹಿಂದಕ್ಕೆ ಹೋಗುತ್ತದೆ. ಮಾರಾಟಕ್ಕೆ ಬರುವ ಮುಂಚೆ ನೀರು, ಆಲಿಕಲ್ಲು, ಹಕ್ಕಿ ಎಲ್ಲವನ್ನೂ ಎಂಜಿನ್ನಿಗೆ ಎಸೆದು ಪರೀಕ್ಷಿಸಿರುತ್ತಾರೆ. ಅಪಾಯ ಇರುವುದು ಗುಡುಗುಮೋಡದ ನಡುವೆ, ಎಂಜಿನ್ ಐಡಲ್‌ನಲ್ಲಿಟ್ಟು ಇಳಿಯುವಾಗ. ಫ್ಯಾನು ನಿಧಾನ, ಒಳಗಿನ ಬೆಂಕಿ ಸಣ್ಣದು, ಆಲಿಕಲ್ಲು ಮಾತ್ರ ರಾಶಿ.

1988ರ ಮೇ 24ರಂದು ಟಾಕಾ ಕಂಪನಿಯ 737-300ರ ಎರಡೂ ಎಂಜಿನ್ ನ್ಯೂ ಆರ್ಲಿಯನ್ಸ್ ಬಳಿ ಹೀಗೇ ಆರಿದವು. ಪೈಲಟ್ ಕಾರ್ಲೋಸ್ ದಾರ್ದಾನೊ ಕಾಲುವೆ ಪಕ್ಕದ ಹುಲ್ಲಿನ ಏರಿಯ ಮೇಲೆ ಇಳಿಸಿದರು, 45 ಮಂದಿಯೂ ಉಳಿದರು. ಅದರ ನಂತರ ಆ ಎಂಜಿನ್ನಿನ ಫ್ಯಾನಿನ ನಡುವೆ ಮೂಗಿನಂತೆ ಚಾಚಿರುವ ಗುಬುಟಿನ ಆಕಾರ ಬದಲಾಯಿತು, ನೀರು ಹೊರಚೆಲ್ಲುವ ಬಾಗಿಲುಗಳು ಹೆಚ್ಚಾದವು. ಜೋರು ಮಳೆಯಲ್ಲಿ ಇಳಿಯುವಾಗ ಐಡಲ್‌ಗೆ ಬಿಡದೆ ಫ್ಯಾನನ್ನು ಒಂದು ಮಟ್ಟದ ಮೇಲೆಯೇ ಓಡಿಸಬೇಕೆಂಬ ನಿಯಮವೂ ಬಂತು.

ಪ್ರ: ಅಹಮದಾಬಾದಿನ ವಿಮಾನ ಯಾಕೆ ಹೀಗೆ ಜಾರಿಕೊಂಡು ಬಂದು ಇಳಿಯಲಿಲ್ಲ? (ಕುಶಾಲನಗರ)

ಉ: ಎತ್ತರ ಇರಲಿಲ್ಲ. 2025ರ ಜೂನ್ 12ರಂದು ಏರ್ ಇಂಡಿಯಾ 171, ಬೋಯಿಂಗ್ 787, ನೆಲ ಬಿಟ್ಟು ಅರ್ಧ ನಿಮಿಷ ಹೆಚ್ಚುಕಡಿಮೆಯಲ್ಲಿ ಬಿತ್ತು. ಎರಡೂ ಎಂಜಿನ್ನಿನ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ಕಟ್‌ಆಫ್ ಸ್ಥಾನಕ್ಕೆ, ಅಂದರೆ ಇಂಧನ ನಿಲ್ಲಿಸುವ ಕಡೆಗೆ, ಹೋದವು, ಸುಮಾರು ಹತ್ತು ಸೆಕೆಂಡಿನ ನಂತರ ಮರಳಿ ರನ್ ಸ್ಥಾನಕ್ಕೆ ಬಂದವು, ರ‍್ಯಾಟ್ ಹೊರಬಿದ್ದಿತ್ತು ಎಂದು ತನಿಖಾ ಸಂಸ್ಥೆಯ ಪ್ರಾಥಮಿಕ ವರದಿ ಹೇಳುತ್ತದೆ. ಎಂಜಿನ್ ಮತ್ತೆ ಹೊತ್ತಿಕೊಳ್ಳತೊಡಗಿತ್ತು, ಆದರೆ ಆರಿದ ಎಂಜಿನ್ ಪೂರ್ತಿ ಬಲಕ್ಕೆ ಬರಲು ಬೇಕಾದಷ್ಟು ಸೆಕೆಂಡು ಉಳಿದಿರಲಿಲ್ಲ. ಕೆಲವೇ ನೂರು ಅಡಿ ಎತ್ತರ, ಚಕ್ರ ಕೆಳಗೆ, ರೆಕ್ಕೆಯ ಹಲಗೆಗಳು (ಫ್ಲ್ಯಾಪ್) ಹೊರಗೆ, ಮುಂದೆ ಊರು. ಮೇಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಇಳಿದ ಎ320ಕ್ಕೆ ಕೆನಡಾ ಹೆಬ್ಬಾತುಗಳು ಬಡಿದದ್ದು ಸುಮಾರು 2,800 ಅಡಿಯಲ್ಲಿ. ನೀರು ಮುಟ್ಟುವವರೆಗೆ ಸಿಕ್ಕಿದ್ದು 208 ಸೆಕೆಂಡು. ಅವರ ಕೈಯಲ್ಲಿದ್ದ ಪಟ್ಟಿ, ಅಂದರೆ ಎರಡೂ ಎಂಜಿನ್ ನಿಂತರೆ ಏನೇನು ಮಾಡಬೇಕೆಂಬ ಚೆಕ್‌ಲಿಸ್ಟ್, 20,000 ಅಡಿಗಿಂತ ಮೇಲೆ ಎಂಜಿನ್ ನಿಲ್ಲುತ್ತದೆಂದು ಎಣಿಸಿ ಬರೆದದ್ದು. ಮುಗಿಸಲು ಸಮಯವೇ ಸಾಲಲಿಲ್ಲ. ಕ್ಯಾಪ್ಟನ್ ಸಲೆನ್‌ಬರ್ಗರ್ ಪಟ್ಟಿಯ ಸರದಿಗೆ ಕಾಯದೆ ಮೊದಲೇ ಎಪಿಯು ಚಾಲೂ ಮಾಡಿದ್ದರಿಂದ ವಿದ್ಯುತ್ ಹೋಗಲಿಲ್ಲ, ಕಂಪ್ಯೂಟರ್‌ಗಳು ಕೊನೆಯವರೆಗೆ ನೆರವಾದವು. ಆ 155 ಜನ ಉಳಿದದ್ದರಲ್ಲಿ ಈ ಒಂದು ಗುಂಡಿಯ ಪಾಲು ದೊಡ್ಡದು ಎಂದೇ ನಮ್ಮ ಅಭಿಪ್ರಾಯ.

ಪ್ರ: ರನ್‌ವೇ ಸಿಗದಿದ್ದರೆ ಗದ್ದೆಯಲ್ಲಿ ಇಳಿಸಬಹುದಲ್ಲ? ಇಲ್ಲವೇ ಹಾರಂಗಿ ನೀರಿನಲ್ಲಿ? (ಸುಂಟಿಕೊಪ್ಪ)

ಉ: ಗದ್ದೆಯಲ್ಲಿ ಇಳಿಸಿದ್ದಾರೆ, ಅದೂ ನಮ್ಮ ಪಕ್ಕದಲ್ಲೇ. 1993ರ ನವೆಂಬರ್ 15ರಂದು ಮದ್ರಾಸಿನಿಂದ ಹೈದರಾಬಾದಿಗೆ ಹೋದ ಇಂಡಿಯನ್ ಏರ್‌ಲೈನ್ಸ್ ಎ300 ಮಬ್ಬಿನಿಂದಾಗಿ ಅಲ್ಲಿ ಇಳಿಯಲಾಗದೆ ಮದ್ರಾಸಿನತ್ತ ತಿರುಗಿತು. ಇಳಿಯಲೆಂದು ಹೊರಚಾಚಿದ್ದ ರೆಕ್ಕೆಯ ಭಾಗಗಳು ಪೂರ್ತಿ ಒಳಕ್ಕೆ ಮರಳಲಿಲ್ಲ. ಕೊಡೆ ಬಿಚ್ಚಿಕೊಂಡೇ ಗಾಳಿಗೆದುರು ಓಡಿದ ಹಾಗೆ. ಇಂಧನ ಲೆಕ್ಕಕ್ಕಿಂತ ಬೇಗ ಮುಗಿಯಿತು. ತಿರುಪತಿ ಸಮೀಪದ ಭತ್ತದ ಗದ್ದೆಯಲ್ಲಿ ಇಳಿಸಿದರು. 250ಕ್ಕೂ ಹೆಚ್ಚು ಮಂದಿಯಿದ್ದರು, ಒಬ್ಬರೂ ಸಾಯಲಿಲ್ಲ. 2019ರ ಆಗಸ್ಟ್ 15ರಂದು ಮಾಸ್ಕೋ ಹೊರವಲಯದಲ್ಲಿ ಕಡಲ ಹಕ್ಕಿಗಳು ಬಡಿದ ಎ321 ಮೆಕ್ಕೆಜೋಳದ ಹೊಲದಲ್ಲಿ ಚಕ್ರ ಬಿಡದೆ ಹೊಟ್ಟೆಯ ಮೇಲೆ ಇಳಿಯಿತು. ಅಲ್ಲೂ 233 ಮಂದಿ ಉಳಿದರು.

ಕೊಡಗಿನ ಗದ್ದೆ ಬೇರೆ. ಎರಡು ಗುಡ್ಡದ ನಡುವಿನ ಕಿರಿದಾದ ಪಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ಅಂಚಿಗೆ ಬಂದರೆ ತೋಟದ ಸಿಲ್ವರ್ ಓಕ್. ಎ320ರ ರೆಕ್ಕೆ ತುದಿಯಿಂದ ತುದಿಗೆ 34 ಮೀಟರಿಗೂ ಹೆಚ್ಚು. ಒಂದು ರೆಕ್ಕೆ ಮರಕ್ಕೆ ತಗುಲಿದರೆ ವಿಮಾನ ಅಡ್ಡ ತಿರುಗುತ್ತದೆ, ಒಡೆಯುವುದು ಆಗ. ನೀರಿನದೂ ಅದೇ ಕಟ್ಟಳೆ: ಎರಡೂ ರೆಕ್ಕೆ ಸಮನಾಗಿ, ಮೂಗು ತುಸು ಮೇಲಾಗಿ, ನೇರ ಕಿಲೋಮೀಟರುಗಟ್ಟಲೆ ಜಾಗ. ತಿರುವು ಮುರುವಿನ ಹಿನ್ನೀರಿಗಿಂತ ಅರವತ್ತು ಕಿ.ಮೀ. ಆಚೆಯ ಕಣ್ಣೂರು ಎಷ್ಟೋ ವಾಸಿ.

ಪ್ರ: ಅಟ್ಲಾಂಟಿಕ್ ಸಾಗರದ ಮೇಲೆ ಇಂಧನ ಸೋರಿ ಖಾಲಿಯಾದ ವಿಮಾನ ಒಂದಿದೆಯಂತೆ. ಸೋರುವುದು ಪೈಲಟ್‌ಗೆ ಗೊತ್ತಾಗುವುದಿಲ್ಲವೇ? (ಸಿದ್ದಾಪುರ)

ಉ: 2001ರ ಆಗಸ್ಟ್ 24, ಏರ್ ಟ್ರಾನ್ಸಾಟ್ 236, ಎ330, ಟೊರಾಂಟೊದಿಂದ ಲಿಸ್ಬನ್‌ಗೆ, 306 ಮಂದಿ. ಬಲ ಎಂಜಿನ್ ಬದಲಿಸಿದಾಗ ಹೈಡ್ರಾಲಿಕ್ ಕೊಳವೆ ಹಳೆಯ ಮಾದರಿಯದು, ಇಂಧನದ ಕೊಳವೆ ಹೊಸ ಮಾದರಿಯದು ಸೇರಿಕೊಂಡಿತು. ನಡುವೆ ಇರಬೇಕಾದ ಕೆಲವೇ ಮಿಲಿಮೀಟರ್ ಸಂದು ಇಲ್ಲವಾಗಿ ಒಂದಕ್ಕೊಂದು ಉಜ್ಜಿ ಇಂಧನದ ಕೊಳವೆ ಬಿರುಕುಬಿಟ್ಟಿತು. ಪೈಲಟ್‌ಗಳಿಗೆ ಮೊದಲು ಕಂಡದ್ದು ಎಂಜಿನ್ ಆಯಿಲಿನ ಉಷ್ಣತೆ ಕಡಿಮೆ, ಒತ್ತಡ ಹೆಚ್ಚು ಎಂಬ ವಿಚಿತ್ರ ಅಂಕಿ. ಇಂಧನಕ್ಕೂ ಅದಕ್ಕೂ ಸಂಬಂಧ ಹೊಳೆಯುವುದು ಕಷ್ಟ. ಆಮೇಲೆ ಎರಡು ರೆಕ್ಕೆಯ ಟ್ಯಾಂಕು ಸಮವಿಲ್ಲ ಎಂಬ ಸಂದೇಶ ಬಂತು. ಸಮ ಮಾಡಲು ಎಡದಿಂದ ಬಲಕ್ಕೆ ಇಂಧನ ಹರಿಸುವ ಕವಾಟ ತೆರೆದರು. ತೂತು ಬಿದ್ದ ಕೊಡಕ್ಕೆ ತುಂಬಿದ ಕೊಡದಿಂದ ನೀರು ಸುರಿದ ಹಾಗಾಯಿತು. ಟ್ಯಾಂಕು ಅಸಮವಾಗಿದೆಯೆಂದರೆ ಕವಾಟ ಮುಟ್ಟುವ ಮುಂಚೆ ಎರಡೂ ಟ್ಯಾಂಕು ಕೂಡಿಸಿ, ಸುಟ್ಟದ್ದನ್ನು ಸೇರಿಸಿ, ಹೊರಟಾಗಿನ ಒಟ್ಟಿಗೆ ಹೊಂದುತ್ತದೆಯೇ ನೋಡಬೇಕು. ಹೊಂದದಿದ್ದರೆ ಸೋರುತ್ತಿದೆ ಎಂದೇ ಅರ್ಥ.

ಒಂದು ಎಂಜಿನ್ ನಿಂತ 13 ನಿಮಿಷಕ್ಕೆ ಇನ್ನೊಂದೂ ನಿಂತಿತು. ಅಜೋರ್ಸ್ ದ್ವೀಪದ ಲಾಜೆಸ್ ನೆಲೆ ಆಗ ಸುಮಾರು 65 ನಾಟಿಕಲ್ ಮೈಲು ದೂರ, ಎತ್ತರ ಸುಮಾರು 34,500 ಅಡಿ. 19 ನಿಮಿಷ ಜಾರಿ, ಹತ್ತಿರ ಬಂದ ಮೇಲೆ ಒಂದು ಪೂರ್ತಿ ಸುತ್ತು ಹೊಡೆದು ಹೆಚ್ಚಿನ ಎತ್ತರ ಕಳೆದು, ಸುಮಾರು 200 ನಾಟ್ ವೇಗದಲ್ಲಿ ನೆಲ ಮುಟ್ಟಿದರು. ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಇಲ್ಲದ್ದರಿಂದ ಟೈರುಗಳು ಸಿಡಿದವು. ಸತ್ತವರಿಲ್ಲ.

ಪ್ರ: ಎಲ್ಲರಿಗೂ ಒಂದೊಂದು ಪ್ಯಾರಾಚೂಟ್ ಕೊಟ್ಟರೆ ಆಗದೇ? (ಭಾಗಮಂಡಲ)

ಉ: ಆಗದು. 35,000 ಅಡಿಯಲ್ಲಿ ಬಾಗಿಲು ತೆರೆಯುವುದಿಲ್ಲ, ತೆರೆದರೂ ಉಸಿರಿಲ್ಲ. ತರಬೇತಿಯಿಲ್ಲದ 180 ಮಂದಿ ಸರದಿಯಲ್ಲಿ ಹಾರುವ ಹೊತ್ತಿಗೆ ವಿಮಾನ ಕಣ್ಣೂರಿನಲ್ಲಿ ಇಳಿದಿರುತ್ತದೆ.

ಪ್ರ: ಮಗಳು ಮೊದಲ ಸಲ ಒಬ್ಬಳೇ ದುಬೈಗೆ ಹೋಗುತ್ತಿದ್ದಾಳೆ. ಪ್ರಯಾಣಿಕರ ಕೈಯಲ್ಲಿ ಏನಾದರೂ ಇದೆಯೇ? (ಅಮ್ಮತ್ತಿ)

ಉ: ಇದೆ, ಆದರೆ ಮಗಳಿಗೆ ಇಂಥದ್ದು ಎದುರಾಗುವ ಸಂಭವ ತೀರಾ ಕಡಿಮೆ, ಇದನ್ನು ಅವಳಿಗೂ ಹೇಳಿ.

ಕೂತ ಕೂಡಲೇ ತನ್ನ ಸಾಲಿನಿಂದ ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಎಷ್ಟು ಸೀಟುಸಾಲು ಎಂದು ಎಣಿಸಿಕೊಳ್ಳಲಿ. ಹೊಗೆಯಲ್ಲಿ ಕಣ್ಣು ಕಾಣದು, ಸೀಟಿನ ಬೆನ್ನು ಮುಟ್ಟಿ ಎಣಿಸುತ್ತಾ ಹೋಗಬಹುದು. ಏರುವಾಗ, ಇಳಿಯುವಾಗ ಕಾಲಲ್ಲಿ ಶೂ ಇರಲಿ. ಮಾಸ್ಕ್ ಕೆಳಗೆ ಬಿದ್ದರೆ ಜಗ್ಗಿ ಎಳೆದು ಮೊದಲು ತನಗೆ ಹಾಕಿಕೊಳ್ಳಲಿ. 35,000 ಅಡಿಯ ಗಾಳಿಯಲ್ಲಿ ನೆಟ್ಟಗೆ ಯೋಚಿಸುವ ಶಕ್ತಿ ಉಳಿಯುವುದು ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಮಾಸ್ಕಿನ ಆಮ್ಲಜನಕ ಹನ್ನೆರಡು ಹದಿನೈದು ನಿಮಿಷ ಬರುತ್ತದೆ, ಅಷ್ಟರಲ್ಲಿ ವಿಮಾನ ಕೆಳಗೆ ಬಂದಿರುತ್ತದೆ.

ತಲೆ ತಗ್ಗಿಸಿ ಎಂದಾಗ ಬೆಲ್ಟ್ ಸೊಂಟದ ಮೂಳೆಯ ಮೇಲೆ ಬಿಗಿಯಾಗಿರಲಿ, ಹೊಟ್ಟೆಯ ಮೇಲಲ್ಲ. ನಿಂತ ಮೇಲೆ ಬ್ಯಾಗು ತೆಗೆಯಬಾರದು. ಅರ್ಧ ಬಾಗಿಲು ಮಾತ್ರ ಬಳಸಿ ಎಲ್ಲರೂ 90 ಸೆಕೆಂಡಿನಲ್ಲಿ ಹೊರಬರುವಂತೆ ವಿಮಾನ ಕಟ್ಟಿರುತ್ತಾರೆ, ಆ ಲೆಕ್ಕದಲ್ಲಿ ಬ್ಯಾಗಿಲ್ಲ.

ಸೀಟಿನ ಕೆಳಗಿನ ಲೈಫ್ ಜಾಕೆಟ್ ಒಳಗೆ ಕೂತು ಊದಿಸಲೇಬಾರದು. 1996ರ ನವೆಂಬರ್ 23ರಂದು ಅಪಹರಣಕ್ಕೊಳಗಾದ ಇಥಿಯೋಪಿಯನ್ ವಿಮಾನ ಇಂಧನ ಮುಗಿದು ಕೊಮೊರೋಸ್ ಬಳಿ ಸಮುದ್ರಕ್ಕೆ ಬಿತ್ತು. ಸತ್ತ 125 ಮಂದಿಯಲ್ಲಿ ಹಲವರು ಒಳಗೇ ಜಾಕೆಟ್ ಊದಿಸಿಕೊಂಡಿದ್ದವರು. ನೀರು ನುಗ್ಗಿದಾಗ ಜಾಕೆಟ್ ಮೇಲಕ್ಕೆ ತೇಲಿಸಿ ಛಾವಣಿಗೆ ಒತ್ತಿಬಿಡುತ್ತದೆ, ಮುಳುಗಿ ಬಾಗಿಲ ತನಕ ಈಜಲು ಬಿಡದು. ಬಾಗಿಲು ದಾಟಿದ ಮೇಲೆ ಹಗ್ಗ ಎಳೆಯಬೇಕು.

ಪ್ರ: ಗಿಮ್ಲಿಯಲ್ಲಿ ಇಳಿದ ಆ ವಿಮಾನ ಗುಜರಿಗೆ ಹೋಯಿತೇ? (ಶನಿವಾರಸಂತೆ)

ಉ: ಅಲ್ಲೇ ತಾತ್ಕಾಲಿಕ ರಿಪೇರಿ ಮಾಡಿ ಎರಡು ದಿನದಲ್ಲಿ ಹಾರಿಸಿಕೊಂಡು ಹೋದರು. ಪೂರ್ತಿ ದುರಸ್ತಿಯಾದ ಮೇಲೆ 2008ರವರೆಗೆ ಅದೇ ಕಂಪನಿಯಲ್ಲಿ ಪ್ರಯಾಣಿಕರನ್ನು ಹೊತ್ತಿತು, ನಂತರ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ನಿಂತಿತ್ತು. ಅದರ ಮೈಯ ಅಲ್ಯುಮಿನಿಯಂ ಹಾಳೆ ಕತ್ತರಿಸಿ ಮಾಡಿದ ಬಿಲ್ಲೆಗಳನ್ನು ಈಗ ಜನ ಬ್ಯಾಗಿಗೆ ತೂಗಿಹಾಕಿಕೊಳ್ಳುತ್ತಾರೆ.